ಅರಿಶಿನ ಹತ್ತಿದ ಗರಿ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರಿನಲ್ಲಿ ಆಡಿಕೊಳ್ಳುತ್ತಿದ್ದರು. ಹಳಿಯಾಳದ ಕಡೆಯ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದ ಮೇಲೂ ಅದು ಅಲ್ಲೇ ಇತ್ತು. ಮೀನಿನ ವಾಸನೆ ಬಂದರೆ ಸೆರಗನ್ನು ಮೂಗಿಗೆ ಒತ್ತಿಕೊಳ್ಳುವ ಲಿಂಗವಂತರ ಹೆಣ್ಣುಮಗಳು ನಾನು. ಅಂಥವಳು ಮೀನು ಹಿಡಿಯುವ ಹುಳ ಕಟ್ಟಲು ಕೂತಿದ್ದೆ ಎಂದರೆ ನನ್ನ ಮೊಮ್ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ಅರವತ್ತರ ದಶಕದ ಆರಂಭ. ನಮ್ಮ ಮನೆಯವರು ಒಂದು ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದರು. ಒಂದು ದಿನ ಅವರ ಬಲಗೈ ಯಂತ್ರದ ಪಟ್ಟಿಗೆ ಸಿಕ್ಕಿ ತೋರುಬೆರಳು, ನಡುಬೆರಳು ಹೋದವು. ಗಾಯವೇನೋ ಮಾಯಿತು. ಆದರೆ ಆ ಕೈ ಹೆಗಲ ಮೇಲಿನ ಟವೆಲ್ಲಿನ ಕೆಳಗೆ ಸೇರಿದ್ದು ಹೊರಗೆ ಬರಲೇ ಇಲ್ಲ. ಊಟಕ್ಕೆ ಗೋಡೆಯ ಕಡೆ ಮುಖ ಮಾಡಿ ಕೂತು ಎಡಗೈಯಲ್ಲಿ ಚಮಚೆ ಹಿಡಿಯುತ್ತಿದ್ದರು. ಎಲ್ಲಕ್ಕಿಂತ ನನಗೆ ಸಂಕಟವಾದದ್ದು ಅವರ ಬರಿ ಹಣೆ ನೋಡಿ. ನಮ್ಮಲ್ಲಿ ವಿಭೂತಿಯನ್ನು ಬಲಗೈಯ ನಡುವಿನ ಮೂರು ಬೆರಳಿನಿಂದ ಒಮ್ಮೆಲೇ ಎಳೆಯುತ್ತಾರೆ. ಅದರಲ್ಲಿ ಎರಡು ಇಲ್ಲ. “ನಾ ಹಚ್ಚತೇನಿ ಬರ್ರಿ” ಎಂದರೆ ಎದ್ದು ಹೋಗುತ್ತಿದ್ದರು. ಆ ಹಣೆಯ ಮೇಲೆ ಮತ್ತೆ ವಿಭೂತಿ ಕಾಣಬೇಕು, ನನಗೆ ಬೇರೇನೂ ಬೇಕಿರಲಿಲ್ಲ.

ಪಕ್ಕದ ಮನೆಯಲ್ಲಿ ಲಾರಿ ರಿಪೇರಿ ಮಾಡುವ ಒಬ್ಬ ಸಾಹೇಬರಿದ್ದರು. ನನಗಿಂತ ಬಹಳ ದೊಡ್ಡವರು, ನಾನು ಅಣ್ಣಾರ ಎನ್ನುತ್ತಿದ್ದೆ. ಹಿಂದೆ ಅವರು ಯಾರೋ ಇಂಗ್ಲಿಷ್ ದೊರೆಯ ಜೀಪು ಓಡಿಸುತ್ತಿದ್ದಾಗ ಅವನು ಊರು ಬಿಡುವ ಮುಂಚೆ ಮೀನು ಹಿಡಿಯುವ ಒಂದು ಗಳವನ್ನೂ ಒಂದು ತಗಡಿನ ಡಬ್ಬಿಯನ್ನೂ ಕೊಟ್ಟು ಹೋಗಿದ್ದನಂತೆ. ಡಬ್ಬಿಯ ತುಂಬ ಸುಳ್ಳು ಹುಳಗಳು: ಗಾಳದ ಮೇಲೆ ಗರಿ, ರೇಷ್ಮೆ ಸುತ್ತಿ ಕಟ್ಟಿದವು. ನುಸಿ ತಿಂದು ಒಂದೇ ಒಂದು ಉಳಿದಿತ್ತು. ಅದನ್ನು ಅಂಗೈ ಮೇಲೆ ಇಟ್ಟುಕೊಂಡೆ. ನನ್ನ ಉಸಿರು ತಾಗಿದ್ದೇ ತಡ, ಅದು ಕಾಲು ಆಡಿಸಿತು! ನಾನು ಬೆಚ್ಚಿ ಕೈ ಹಿಂದೆ ತೆಗೆದೆ. ಮನುಷ್ಯರ ಕೈ ಇಂಥದ್ದನ್ನೂ ಮಾಡಬಲ್ಲದೇ ಎಂದು ಆ ದಿನವೆಲ್ಲ ಅದೇ ಗುಂಗು.

“ಇಂಥಾದ್ದ ಕಟ್ಟಿ ಕೊಡ್ರಿ. ನನ್ನ ಕೈಗೆ ಇಂಥಾ ಸೂಕ್ಷ್ಮ ಬಗೀಹರಿಯೂದಿಲ್ಲ” ಎಂದು ಅಣ್ಣಾರ ನಮ್ಮವರನ್ನು ಕೇಳಿದರು.

“ನನ್ನ ಕೈ ಎಲ್ಲೈತಿ?” ಎಂದರು ಇವರು.

ನನಗೆ ತಡೆಯಲಾಗಲಿಲ್ಲ. “ನಂದ ಐತಲ್ಲಾ! ನೀವು ಹೆಂಗಂತ ಹೇಳ್ರಿ, ನಾ ಕಟ್ಟತೇನಿ. ಆದ್ರ ಅಣ್ಣಾರ, ಹಿಡದ ಮೀನ ಹೊಳಿಗೆ ವಾಪಸ್ ಬಿಡಬೇಕು.”

“ಬಿಡೂದಾದ್ರ ಹಿಡಿಯೂದ್ಯಾಕ ತಂಗಿ?” ಅಣ್ಣಾರ ಹಣೆ ಚಚ್ಚಿಕೊಂಡರು. ನಾನು ಜಗ್ಗಲಿಲ್ಲ. ಆಗ ಇವರು ನೆಲ ನೋಡುತ್ತ, ಗಾಳದ ಒಳಮುಳ್ಳನ್ನು ಅರದಿಂದ ತಿಕ್ಕಿ ತೆಗೆದರೆ ಮೀನಿನ ಬಾಯಿ ಹರಿಯುವುದಿಲ್ಲ ಎಂದರು. ಎಷ್ಟೋ ದಿನದ ಮೇಲೆ ಅವರು ತಾವಾಗಿ ಆಡಿದ ಮಾತು ಅದು.

ಮೊದಲು ಗಾಳವನ್ನು ಬಿಗಿಹಿಡಿಯುವ ಸಾಮಾನು ಬೇಕಿತ್ತು. ಅವರ ಪೆಟ್ಟಿಗೆಯಿಂದ ಕಬ್ಬಿಣ ಕಚ್ಚಿ ಹಿಡಿಯುವ ಕೈವೈಸು ತಂದು ಕಚ್ಚಿಸಿದೆ. ಅದರ ಬಾಯಿ ದಪ್ಪ, ಗಾಳ ಸೊಟ್ಟಗಾಯಿತು. “ಆನೀ ಕೈಯಾಗ ಸೂಜಿ ಕೊಟ್ಟಂಗಾತು” ಎಂದರು ಇವರು. ಹಳಿಯಾಳದಲ್ಲಿ ಬಂಗಾರದ ಕೆಲಸ ಮಾಡುವ ಪತ್ತಾರರ ಅಂಗಡಿಯಿಂದ ಒಂದು ಹಳೆಯ ಸಣ್ಣ ಇಕ್ಕಳ ತಂದೆವು. ಅದರ ಹಿಡಿಗೆ ಹುರಿ ಬಿಗಿದು ಮಣೆಗೆ ಕಟ್ಟಿದಾಗ ಗಾಳ ಅಲುಗದೆ ನಿಂತಿತು. ಕತ್ತರಿಗೆ ನನ್ನ ಕಸೂತಿ ಕತ್ತರಿಯೇ ಸಾಕಾಯಿತು. ದಾರದ ವಿಷಯಕ್ಕೆ ನಮ್ಮಿಬ್ಬರಿಗೂ ಜಗಳವೇ ಆಯಿತು. ಅವರು ನೂಲಿನ ದಾರ ಎಂದರು. ಅದು ನೀರು ಕುಡಿದು ಉಬ್ಬುತ್ತದೆ ಎಂದು ನಾನು ಕಸೂತಿಯ ರೇಷ್ಮೆಯ ಎಳೆ ಬಿಡಿಸಿ ಜೇನುಮೇಣದ ಮೇಲೆ ಎಳೆದು ತೋರಿಸಿದೆ. ಜಗ್ಗಿ ನೋಡಿ, ಒಪ್ಪಿ ತಲೆಯಾಡಿಸಿದರು. ಜಗ್ಗಿದ್ದು ಎಡಗೈಯಿಂದ.

ಹುಳದ ಮೈಗೆ ಕಾಡಿನಲ್ಲಿ ಬಿದ್ದ ನವಿಲುಗರಿಯ ಎಳೆ. ಸುತ್ತಿದ ಹಾಗೆಲ್ಲ ಅದು ಒಮ್ಮೆ ಹಸಿರು, ಒಮ್ಮೆ ತಾಮ್ರ. ಇಷ್ಟು ಸಣ್ಣ ಎಳೆಯಲ್ಲಿ ಇಷ್ಟು ಬೆಳಕನ್ನು ಯಾರು ತುಂಬಿದರೋ ಶಿವನೇ ಬಲ್ಲ ಎಂದುಕೊಂಡು ನಾನು ಒಲೆಯ ಮೇಲಿನ ಸಾರು ಮರೆತೆ.

ಉಳಿದದ್ದು ಹುಳದ ಕಾಲು. ಅದಕ್ಕೆ ಹುಂಜದ ಕುತ್ತಿಗೆಯ ಗರಿಯೇ ಆಗಬೇಕು, ಹೇಟೆಯ ಗರಿ ನೀರಿಗೆ ಮೆತ್ತಗಾಗುತ್ತದೆ. ಅಣ್ಣಾರ ತಮ್ಮ ಬಿಳಿ ಹುಂಜದ ಗರಿಗಳನ್ನು ತಂದರು. ಇವರು ಒಂದೊಂದನ್ನೂ ಬಾಗಿಸಿ ನೋಡಿ, ಸೆಟೆದು ನಿಂತವನ್ನು ಮಾತ್ರ ಆರಿಸಿದರು. ಒಂದು ಸಂಜೆಯೆಲ್ಲ ಅದೇ ಕೆಲಸ.

ಈಗ ನನ್ನ ಪರಾಕ್ರಮ ಕೇಳಿ. ಕೋಳಿಯ ಪುಕ್ಕ, ಅದೂ ನಮ್ಮ ಮನೆಯೊಳಗೆ, ಲಿಂಗದ ಗೂಡಿನ ಎದುರಿಗೆ! ಮನಸ್ಸು ಒಪ್ಪಲಿಲ್ಲ. ಅವರು ಹೊರಗೆ ಹೋದಾಗ ಶುದ್ಧವಾಗಲಿ ಎಂದು ಗರಿಗಳನ್ನೆಲ್ಲ ಬಿಸಿ ಅರಿಶಿನ ನೀರಿನಲ್ಲಿ ಅದ್ದಿದೆ. ಅವು ಬಂಗಾರದ ಹಾಗೆ ಹಳದಿಯಾದವು. ಬಣ್ಣ ಬಿಡಿಸಲು ಬಟ್ಟೆ ಒಗೆಯುವ ಸೋಡಾದ ನೀರಿಗೆ ಹಾಕಿದೆ. ಕುಂಕುಮದ ಹಾಗೆ ಕೆಂಪಾದವು! ತಣ್ಣೀರಿನಲ್ಲಿ ಜಾಲಿಸಿದರೆ ಕೆಂಪು ಅರ್ಧಕ್ಕೆ ಇಳಿದು, ಅತ್ತ ಹಳದಿಯೂ ಅಲ್ಲದೆ ಇತ್ತ ಕೆಂಪೂ ಅಲ್ಲದೆ ನಿಂತವು.

ಅವರು ಬಂದು ನೋಡಿದರು. “ಏನ ಮಾಡಿದೀ ಇದು? ನಿನಗ ತಲಿ ಐತೋ ಇಲ್ಲೋ? ಸಂಜೀ ಪೂರಾ ಕುಂತ ಆರಿಸಿದ್ನಲ್ಲಾ!” ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು. ಬೇರೆ ದಿನವಾಗಿದ್ದರೆ ನಾನೂ ಬಿಡುತ್ತಿರಲಿಲ್ಲ. ಆದರೆ ಆ ಕೂಗಿಗೆ ನನ್ನ ಕಣ್ಣಲ್ಲಿ ನೀರು ಬಂತು. ದುಃಖದಿಂದಲ್ಲ. ಟವೆಲ್ಲಿನೊಳಗೆ ಮುದುಡಿ ಕೂತ ಮನುಷ್ಯನಿಗೆ ಸಿಟ್ಟು ಬಂದಿತ್ತು, ಸಿಟ್ಟು ಬರುವಷ್ಟು ಏನೋ ಒಂದು ಬೇಕಾಗಿತ್ತು.

ಬೇರೆ ಗರಿ ಇರಲಿಲ್ಲ, ಅದನ್ನೇ ಕಟ್ಟಿದೆ. ಅವರು ಪಕ್ಕದಲ್ಲಿ ಕೂತು “ಬಿಗಿ ಮಾಡು, ಈಗ ಸಡ್ಲು ಬಿಡು” ಎನ್ನುತ್ತಿದ್ದರು. ಕೊನೆಗೆ ಹೂವಿನ ಮಾಲೆಗೆ ಹಾಕುವ ಗಂಟು ಹಾಕಿ ಮುಗಿಸಿದೆ.

ಮರುದಿನ ಬೆಳಿಗ್ಗೆ ಮೂವರೂ ಕೋಗಿಲಬನದ ಹೊಳೆದಂಡೆಗೆ ಹೋದೆವು. ಬೇಸಿಗೆಯ ತಿಳಿ ನೀರು, ತಳದ ಕಲ್ಲೆಲ್ಲ ಕಾಣುತ್ತಿತ್ತು. ಆಚೆಗೊಂದು ಅತ್ತಿಮರ ಹೊಳೆಯ ಮೇಲೆ ಬಾಗಿತ್ತು. ಹಣ್ಣು ತಪ್ ಎಂದು ಬಿದ್ದರೆ ಕೆಳಗಿನಿಂದ ಒಂದು ಕಪ್ಪು ನೆರಳು ಬಂದು ನುಂಗಿ ಹೋಗುತ್ತಿತ್ತು. ಆಗ ನನಗೆ ಹೊಳೆಯಿತು. ಅಣ್ಣಾರ ನೀರಲ್ಲಿ ಅದ್ದಿ ತೆಗೆದ ನಮ್ಮ ಹುಳ ಮಾಗುತ್ತಿರುವ ಅತ್ತಿ ಹಣ್ಣಿನ ಬಣ್ಣಕ್ಕೇ ಬಂದಿತ್ತು.

ಅಣ್ಣಾರ ಬೀಸಿದರು. ಹುಳ ಮರದ ಕೆಳಗೆ ಇಳಿಯಿತು. ನೀರು ಒಡೆಯಿತು. ಆಮೇಲೆ ಗಳ ಬಾಗಿದ್ದು, ಅಣ್ಣಾರ “ಯಾ ಅಲ್ಲಾ” ಎಂದದ್ದು, ನಾನು “ಶಿವಶಿವಾ” ಎಂದದ್ದು ಎಲ್ಲ ಒಟ್ಟಿಗೇ. ಬಹಳ ಹೊತ್ತು ಎಳೆದಾಡಿ ದಂಡೆಗೆ ಬಂದ ಆ ಮೀನಿನ ಒಂದೊಂದು ಹುರುಪೆಯೂ ವೀಳ್ಯದೆಲೆಯಷ್ಟು ಅಗಲ, ಅಂಚಿಗೆಲ್ಲ ಬಂಗಾರ. ಮಹಶೀರ್ ಎಂದರು ಅಣ್ಣಾರ. ಮೀನೆಂದರೆ ಮೂಗು ಮುಚ್ಚುವ ನಾನು ಸೆರಗು ಬಿಟ್ಟು ಕೈ ಮುಗಿದು ನಿಂತಿದ್ದೆ.

ಅದು ನೀರಂಚಿನ ಕಲ್ಲಿನ ಮೇಲೆ ಒದ್ದಾಡತೊಡಗಿತು. ಅಣ್ಣಾರ ಗಳ ಬಿಡುವಂತಿರಲಿಲ್ಲ. “ಲಗೂ ಹಿಡೀರಿ, ಸತ್ತೀತು!” ಎಂದು ನಾನೇ ಚೀರಿದೆ. ಇವರು ನೀರಿಗೆ ಹಾರಿದರು. ಟವೆಲ್ಲು ತೇಲಿಹೋಯಿತು. ಎರಡೂ ಕೈಯಿಂದ ಮೀನನ್ನು ಎತ್ತಿ ನೀರಿಗಿಳಿಸಿ ಹಿಡಿದು, ಆ ಬಲಗೈಯ ಹೆಬ್ಬೆರಳು, ಉಂಗುರದ ಬೆರಳಿನಿಂದಲೇ ಗಾಳ ಹಿಂದಕ್ಕೆ ಜಾರಿಸಿದರು. ಮುಳ್ಳಿಲ್ಲದ ಗಾಳ ಸರಕ್ಕನೆ ಬಂತು. ಮೀನು ಅವರ ಕೈಯೊಳಗೇ ಸ್ವಲ್ಪ ಹೊತ್ತು ಉಸಿರಾಡಿ, ಬಾಲ ಬೀಸಿ ಹೋಯಿತು. ಅವರು ತಮ್ಮ ಕೈಗಳನ್ನು ನೋಡುತ್ತ ಸೊಂಟದ ಮಟ್ಟ ನೀರಿನಲ್ಲಿ ನಿಂತೇ ಇದ್ದರು. ಅಣ್ಣಾರ ಆ ಕಡೆ ಮುಖ ತಿರುಗಿಸಿ ದಾರ ಸುತ್ತತೊಡಗಿದರು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅವರು ಪೂಜೆ ಮುಗಿಸಿ ಬಂದು ನನ್ನ ಎದುರಿಗೇ ಕೂತು “ಹಾಕು” ಎಂದರು. ತಲೆಯೆತ್ತಿದೆ. ಹಣೆಯ ಮೇಲೆ ವಿಭೂತಿ. ಒಂದೇ ಬೆರಳಿನಿಂದ ಮೂರು ಸಲ ಎಳೆದ ಗೆರೆಗಳು, ಒಂದು ಮೇಲೆ ಹೋಗಿ ಒಂದು ಕೆಳಗೆ ಇಳಿದಿತ್ತು. ರೊಟ್ಟಿ ಹೊತ್ತಿತು. ಹೊತ್ತಲಿ ಎಂದು ನೋಡುತ್ತ ಕೂತೆ.