ಹದಿನೇಳನ್ನು ಹದಿನಾಲ್ಕು ಮಾಡಿದ್ದು

ಮೇಷ್ಟ್ರ ಹತ್ತಿರ ನಾನು ಟೈಪಿಸ್ಟಾಗಿ ಇಪ್ಪತ್ತಾರು ವರ್ಷ ದುಡಿದೆ. ಅವರು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದಾಗ ಹುಡುಗರು ಇಟ್ಟ ಹೆಸರು ‘ಶೇಕಡಾ ಮೇಷ್ಟ್ರು’. ಮಳೆ ಬರುತ್ತಾ ಸಾರ್ ಎಂದು ಕೇಳಿದರೂ ಶೇಕಡಾ ಅರವತ್ತು ಎನ್ನುತ್ತಿದ್ದರು. ಗಿರಣಿ ಕೆಲಸಗಾರರ ಕೋಣೆ ಕೋಣೆಗೂ ನಡೆದು ಅವರು ಬರೆದ ಪುಸ್ತಕ ನೋಡಿ ಸರ್ಕಾರ ಅವರನ್ನು ಕೈಗಾರಿಕಾ ಮಂತ್ರಿ ಮಾಡಿತು. ನನ್ನನ್ನೂ, ಮಗನ ಹಾಗೆ ಬೆಳೆಸಿದ ಒಬ್ಬ ಶಿಷ್ಯನನ್ನೂ ಜೊತೆಗೆ ಕರೆದುಕೊಂಡು ಹೋದರು.

ಕುರ್ಚಿ ಮನುಷ್ಯನನ್ನು ಕೆಡಿಸುತ್ತದೆ ಎನ್ನುತ್ತಾರೆ. ಇವರನ್ನು ಕೆಡಿಸಿದ್ದು ಬಾಗಿಲು. ಅದರಾಚೆ ಯಾರೋ ನಿಂತಿದ್ದಾರೆಂದು ಮಾತಿನ ನಡುವೆ ಎದ್ದು ಹೋಗಿ ತೆರೆದು ನೋಡುತ್ತಿದ್ದರು. ಅವರ ಕರಡು ವರದಿಯೊಂದು ಪತ್ರಿಕೆಯಲ್ಲಿ ಮೊದಲೇ ಅಚ್ಚಾದ ಮೇಲಂತೂ ಹಗ್ಗವೆಲ್ಲ ಹಾವಾಯಿತು. ಯಾರೋ ಸೋರಿಸುತ್ತಿದ್ದರು, ಅದು ನಿಜ.

ಆಗ ಗಿರಣಿ ಮುಚ್ಚುವ ವರದಿ ಬಂತು. ಕೆಲಸ ಕಳೆದುಕೊಳ್ಳುವವರಲ್ಲಿ ಕಾಯಂನವರೆಷ್ಟು, ದಿನಗೂಲಿಯವರೆಷ್ಟು ಎಂಬ ಶೇಕಡಾವಾರು ಪಟ್ಟಿ, ಎಲ್ಲ ಸೇರಿ ನೂರು. ದಿನಗೂಲಿಯವರ ಜಾಗ ಖಾಲಿ ಬಿಟ್ಟು ಐದು ಪ್ರತಿ ಟೈಪ್ ಮಾಡಲು ಹೇಳಿದರು. ಅಂಕಿಗಳನ್ನು ಪೆನ್ಸಿಲ್‌ನಲ್ಲಿ ತಾವೇ ತುಂಬಿದರು. ಮೂರು ಪ್ರತಿ ಅಧಿಕಾರಿಗಳಿಗೆ, ಒಂದು ಶಿಷ್ಯನಿಗೆ. ಐದನೆಯದು ಕಚೇರಿ ಪ್ರತಿ, ನನ್ನ ಬೀರುವಿಗೆ.

ನಾನು ಬೀರುವಿಗೆ ಇಡುವ ಮುನ್ನ ಯಾವ ಕಾಗದವನ್ನೂ ಕೂಡಿಸಿ ನೋಡದೆ ಬಿಟ್ಟವಳಲ್ಲ. ಅದನ್ನು ಕಲಿಸಿದವರೂ ಅವರೇ. ಕೂಡಿಸಿದರೆ ನೂರ ಮೂರು! ದಿನಗೂಲಿ ಹದಿನೇಳು ಎಂದಿತ್ತು. ಪಾಪ, ದಣಿದಿದ್ದಾರೆ ಎಂದುಕೊಂಡು ಅಳಿಸಿ ಹದಿನಾಲ್ಕು ಬರೆದೆ. ಹೇಳಲೂ ಇಲ್ಲ. ಬೀರುವಿನ ಬೀಗದ ಕೈ ಮೊಳೆಗೆ ನೇತಾಡುತ್ತಿತ್ತು, ಅದು ಕಸ ಗುಡಿಸುವವನಿಗೂ ಗೊತ್ತಿತ್ತು.

ವಾರದೊಳಗೆ ಪತ್ರಿಕೆಯಲ್ಲಿ ಆ ಪಟ್ಟಿ ದಿನಗೂಲಿ ಹದಿನಾಲ್ಕು ಎಂದೇ ಬಂತು. ಅಂದೇ ಶಿಷ್ಯನನ್ನು ಹೊರಗೆ ಹಾಕಿದರು. “ನಾನಲ್ಲ ಸಾರ್, ನಿಮ್ಮಾಣೆಗೂ ನಾನಲ್ಲ” ಎಂದು ಆತ ಅತ್ತ. ಮೇಷ್ಟ್ರು ಕಿಟಕಿ ಕಡೆ ತಿರುಗಿದರು. ಬೆಂಕಿಯಿಲ್ಲದೆ ಹೊಗೆ ಬರುತ್ತದೆಯೇ ಎಂದು ನಾನೂ ಅಂದುಕೊಂಡೆ, ದೇವರು ನನ್ನನ್ನು ಕ್ಷಮಿಸಲಿ.

ಹನ್ನೊಂದು ವರ್ಷವಾಯಿತು. ಮಂತ್ರಿಗಿರಿ ಹೋಗಿ ಮೇಷ್ಟ್ರು ಕುಲಪತಿಯಾಗಿದ್ದರು, ಅಲ್ಲಿಯೂ ನಾನೇ ಟೈಪಿಸ್ಟು. ಪ್ರಾಧ್ಯಾಪಕರ ಹುದ್ದೆಗೆ ಅದೇ ಶಿಷ್ಯನ ಅರ್ಜಿ ಬಂತು. ಆಯ್ಕೆ ಸಮಿತಿ ಪಟ್ಟಿಯಲ್ಲಿ ಅವನ ಹೆಸರನ್ನೇ ಮೊದಲು ಹಾಕಿತ್ತು. ಮೇಷ್ಟ್ರ ಸಹಿಯೊಂದು ಬಾಕಿ.

“ಇವನನ್ನ ಹೇಗೆ ಹಿಡಿದೆ ಗೊತ್ತೇನಮ್ಮ?” ಎಂದು ನಕ್ಕರು. “ಐದು ಪ್ರತಿಗೂ ಬೇರೆ ಬೇರೆ ಅಂಕಿ. ನಿಜವಾದ ಹದಿನಾಲ್ಕು ಇವನಿಗೊಬ್ಬನಿಗೇ ಕೊಟ್ಟಿದ್ದೆ. ತಪ್ಪು ಬರೆದಿದ್ರೆ ಕೂಡಿಸಿ ಕಂಡುಹಿಡೀತಿದ್ದ. ಮಿಕ್ಕವರು ಯಾರು ಕೂಡಿಸ್ತಾರೆ?”

ನಾನು ಅಳಿಸಿ ಬರೆದ ಹದಿನಾಲ್ಕು ನೆನಪಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ನಾನು ಕ್ಷೇಮ, ಆ ಹುಡುಗ ಎರಡನೇ ಸಲ ಮಣ್ಣುಪಾಲು.

“ನಾನು ಕೂಡಿಸಿದ್ದೆ ಸಾರ್” ಎಂದೆ.

ಬೀರುವಿನ ಪ್ರತಿ ತಿದ್ದಿದ್ದನ್ನು ಹೇಳಿದೆ. ಹಳೆಯ ಕಚೇರಿ ಪ್ರತಿ ತರಿಸಿದರು. ಯಾವ ಕಾಗದವನ್ನೂ ಎಸೆಯುವ ಮನುಷ್ಯನಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಹದಿನಾಲ್ಕರ ಕೆಳಗೆ ಅಳಿಸಿದ ಹದಿನೇಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, “ಅವನೇ ಹೇಳಿಕೊಟ್ಟು ಕಳಿಸಿದನಾ?”

“ಅಯ್ಯೋ, ಬೇರೆ ಬೇರೆ ಅಂಕಿ ಅಂತ ನೀವೇ ಈಗ ತಾನೇ ಹೇಳಿದ್ರಲ್ಲ ಸಾರ್, ಅವನಿಗೆ ಹೇಗೆ ಗೊತ್ತಿರುತ್ತೆ!”

ತಲೆ ತಗ್ಗಿಸಿ ಶಿಷ್ಯನ ಕಡತಕ್ಕೆ ಸಹಿ ಹಾಕಿದರು. ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು, ಇರಲಿಲ್ಲ.

“ಸಾರ್, ಕಚೇರಿ ಪ್ರತಿ ಇರ್ತಿದ್ದಿದ್ದು ನನ್ನ ಹತ್ರ ಮಾತ್ರ. ಅದರ ಅಂಕಿ ಯಾಕೆ ಬದಲಾಯಿಸಿದ್ರಿ?”

ಅವರು ಕಚೇರಿ ಪ್ರತಿಯನ್ನು ಮಡಚಿ ಕಡತದ ಕೆಳಗೆ ಸರಿಸಿದರು. ನಾನು ಸೆರಗಿನಿಂದ ಈ ಕಚೇರಿಯ ಬೀರುವಿನ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟೆ. ಬೇಡ, ನೀನೇ ಇಟ್ಟುಕೋ ಎನ್ನುತ್ತಾರೆಂದು ಕಾದೆ. ಅವರು ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು.