ಅಟ್ಟದ ಮೇಲಿಟ್ಟ ನೊಣ

ನನ್ನ ಹೆಂಡತಿ ತೀರಿಕೊಂಡ ಮೂರನೇ ತಿಂಗಳಲ್ಲಿ, ಒಂದು ನೊಣದ ಹೆಸರು ಕೇಳಲು ನಾನು ಹೊನ್ನವಳ್ಳಿಯಿಂದ ತಿಪಟೂರಿನ ಬಸ್ಸು ಹತ್ತಿದೆ. ಜನ ನಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ.

ನೊಣ ಅವಳದು. ಹಿಂದಿನ ವರ್ಷ ಕಾರವಾರದ ಕಡೆ ಸಮುದ್ರ ನೋಡಲು ಹೋದಾಗ ಎಲ್ಲರೂ ನೀರಿಗಿಳಿದರೆ ಇವಳು ದಡದ ಮರಳುದಿಬ್ಬದ ಮೇಲೆ ಕೂತಿದ್ದಳು. ಅಲ್ಲಿ ಹಬ್ಬಿದ್ದ ಬಳ್ಳಿಯ ನೇರಳೆ ಹೂವಿನ ಮುಂದೆ ಭತ್ತದ ಕಾಳಿನಷ್ಟು ಉದ್ದದ, ಹಳದಿ ಪಟ್ಟೆಯ ಹುಳವೊಂದು ಗಾಳಿಯಲ್ಲಿ ನಿಂತಲ್ಲೇ ನಿಂತಿತ್ತು. ಸೆರಗು ಹಾಕಿ ಹಿಡಿದೇಬಿಟ್ಟಳು.

"ಜೇನು ಕಣೇ, ಕಚ್ಚುತ್ತೆ ಬುಡು" ಎಂದೆ.

"ಜೇನಿಗೆ ನಾಲ್ಕು ರೆಕ್ಕೆ ಕಣ್ರೀ, ಇದಕ್ಕೆ ಎರಡೇ. ಇದು ನೊಣ. ಜೇನಿನ ವೇಷ ಹಾಕ್ಕಂಡೈತೆ."

ನಮ್ಮ ತೋಟದ ಜೇನುಪೆಟ್ಟಿಗೆ ನೋಡಿಕೊಳ್ಳುತ್ತಿದ್ದವಳು ಅವಳೇ. ಸಂಜೆಗೆ ಸತ್ತ ನೊಣವನ್ನು ಬೆಂಕಿಪೊಟ್ಟಣದಲ್ಲಿಟ್ಟು, ತಿಪಟೂರಿನ ಕಾಲೇಜಿನಲ್ಲಿ ತೋರಿಸಿ ಹೆಸರು ಕೇಳಿಕೊಂಡು ಬನ್ನಿ ಎಂದು ನನ್ನ ಕೈಗೆ ಕೊಟ್ಟಳು. ಊರಿಗೆ ಬಂದು ಅದನ್ನು ಅಟ್ಟದ ಮೇಲೆ, ತೆಂಗಿನಕಾಯಿಗಳ ಪಕ್ಕ ಇಟ್ಟೆ. ನಮ್ಮ ಕಡೆ ಕೆಡಬಾರದ್ದೆಲ್ಲ ಅಟ್ಟಕ್ಕೆ ಹೋಗುತ್ತದೆ. ಕಾಯಿಯೇ ಅಲ್ಲಿ ವರ್ಷವಿಡೀ ಒಣಗಿ ಕೊಬ್ಬರಿಯಾಗುವಾಗ ನೊಣ ಯಾವ ಲೆಕ್ಕ? ಕೊಬ್ಬರಿಗೆ ಅವಸರ ಮಾಡಿ ಅಭ್ಯಾಸವಿಲ್ಲದ ನಾನು ನೊಣಕ್ಕೂ ಮಾಡಲಿಲ್ಲ. ಅವಳು ಎರಡು ಮೂರು ಸಲ ಕೇಳಿದಳು. ಅಟ್ಟದ ಮೇಲೈತೆ, ಎಲ್ಲಿ ಹೋಗುತ್ತೆ ಎಂದೆ.

ಆಮೇಲೆ ಅವಳಿಗೆ ಜ್ವರ ಬಂತು. ಆರನೇ ದಿನ ಹೋದಳು.

ತೋಟದಲ್ಲೇ ಮಣ್ಣು ಮಾಡಿದೆವು. ನನಗೆ ಅಳು ಬರಲಿಲ್ಲ. ಬಂದವರು ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ. ಒಳಗೆ ಏನೂ ಇರಲಿಲ್ಲ, ಅಷ್ಟೆ. ಉಣ್ಣುತ್ತಿದ್ದೆ, ತೋಟಕ್ಕೆ ಹೋಗಿ ಮೋಟಾರು ಹಾಕುತ್ತಿದ್ದೆ, ಮಲಗುತ್ತಿದ್ದೆ. ಅಟ್ಟದಿಂದ ಕಾಯಿ ಇಳಿಸುವ ದಿನ ಪೊಟ್ಟಣ ಕೈಗೆ ಸಿಕ್ಕಿತು. ಊರೆಲ್ಲಾ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ತೆರೆದೂ ನೋಡದೆ ಮರುದಿನವೇ ಹೊರಟೆ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮೇಡಂ ಬಿಳಿ ಹಾಳೆಯ ಮೇಲೆ ಪೊಟ್ಟಣ ಬಗ್ಗಿಸಿದರು. ಬಿದ್ದದ್ದು ಎರಡು ರೆಕ್ಕೆ, ಚೂರು ಹುಡಿ, ಓಡಾಡುವ ಒಂದು ಕೊಬ್ಬರಿ ಹುಳ.

"ಅಟ್ಟದ ಮೇಲಿಟ್ಟಿದ್ರಾ? ಈ ಹುಳ ಒಣಗಿದ ನೊಣಾನೂ ಬಿಡಲ್ಲ ಕಣ್ರೀ" ಎಂದರು.

ನಾಚಿಕೆಯಾಯಿತು. ಮೂರು ತಿಂಗಳಲ್ಲಿ ನನಗೆ ಆದದ್ದು ಅದೊಂದೇ. ಅವರು ಪಾಪ, ರೆಕ್ಕೆಯನ್ನು ಮಸೂರದ ಕೆಳಗಿಟ್ಟು ನನಗೂ ತೋರಿಸಿದರು. ಬೇರೆ ಯಾವ ನರಕ್ಕೂ ಸೇರದೆ, ನಡುವೆಯೇ ಶುರುವಾಗಿ ನಡುವೆಯೇ ಮುಗಿಯುವ ಒಂದು ಸುಳ್ಳು ನರ ಅದರಲ್ಲಿತ್ತು. ಅದಿದ್ದರೆ ಹೂನೊಣ ಎಂದೇ ಅರ್ಥವಂತೆ. ಹೂನೊಣಗಳಲ್ಲಿ ಇದು ಯಾವುದು ಎಂದು ಹೇಳಲು ಮಾತ್ರ ಕಣ್ಣು ಬೇಕು, ಹೊಟ್ಟೆಯ ಪಟ್ಟೆ ಬೇಕು.

"ಜೇನಲ್ಲ ತಾನೇ?" ಎಂದೆ.

"ಅಲ್ಲ, ನೊಣಾನೇ. ಯಾರಿಗೆ ಬೇಕಾಗಿತ್ತು?"

"ನಮ್ಮ ಮನೆಯೋಳಿಗೆ. ನಾನು ಜೇನು ಅಂದೆ, ಅವಳು ನೊಣ ಅಂದ್ಲು."

"ಅವರೇ ಗೆದ್ರು ಅಂತ ಹೋಗಿ ಹೇಳಿ. ಇನ್ನೊಂದು ಸಿಕ್ಕಿದ್ರೆ ಅವರನ್ನೇ ಕಳ್ಸಿ."

"ಹೇಳ್ತೀನಿ" ಎಂದೆ.

ಬಸ್ಸು ಹತ್ತಿ, ಕಿಟಕಿ ಪಕ್ಕ ಕೂತು, ಅರ್ಧ ದಾರಿ ಬರುವವರೆಗೂ ನಾನು ಅದನ್ನು ಅವಳಿಗೆ ಹೇಳಲೆಂದೇ ಹೋಗುತ್ತಿದ್ದೆ.