ಎರಡನೇ ಬಹುಮಾನದವಳ ತಕರಾರು

ಈ ಸಲ ಮೊದಲನೇ ಬಹುಮಾನ ನನಗೇ ಎಂದು ಓಟಕ್ಕೆ ಇನ್ನೂ ವಾರವಿರುವಾಗಲೇ ಮನೆಗೆ ಬಂದು ಹೇಳಿದರು. ಹೇಳಿದವರು ನಮ್ಮ ಊರಿನ ಮಹಿಳಾ ಸಂಘದ ಅಧ್ಯಕ್ಷೆ, ಮತ್ತು ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದ ಮೇಷ್ಟ್ರು. ನಾನು ಹಂಚಿನ ಮೇಲಿದ್ದ ರೊಟ್ಟಿಯನ್ನು ತೆಗೆದು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡು ಪಡಸಾಲೆಗೆ ಬಂದೆ.

"ಓಡಾಕ ಮದ್ಲ ಹೆಂಗ ಗೊತ್ತಾತ್ರಿ ಮೇಷ್ಟ್ರೇ? ಕನಸು ಬಿತ್ತೇನು?" ಎಂದೆ.

"ನಿಮ್ಮ ನೆಗೆಣ್ಣಿನ್ನ ಈ ವರ್ಷ ಓಡಸಂಗಿಲ್ಲವಾ," ಎಂದರು ಮೇಷ್ಟ್ರು. "ಮುಖ್ಯ ಅತಿಥಿ ಮಾಡೀವಿ. ಶಾಲು ಹಾಕಿ, ಉಡಿ ತುಂಬಿ ಸ್ಟೇಜಿನ ಮ್ಯಾಲೆ ಕುಂದ್ರಸ್ತೀವಿ. ಆಕಿ ಕುಂತ ಮ್ಯಾಲೆ ಇನ್ಯಾರದಾರ? ನೀನ."

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ನಾವಿಬ್ಬರೂ ಒಂದೇ ಮನೆಯ ಸೊಸೆಯರು, ಒಂದೇ ಒಲೆ. ಓಟ ಎಂದೆನಲ್ಲ, ಅದು ಬರಿದೇ ಓಡುವುದಲ್ಲ. ತಲೆಯ ಮೇಲೆ ಬಟ್ಟೆ ಸುತ್ತಿ ಮಾಡಿದ ಸಿಂಬಿ, ಸಿಂಬಿಯ ಮೇಲೆ ಬಾಯಿಮಟ್ಟ ನೀರು ತುಂಬಿದ ಸ್ಟೀಲ್ ಕೊಡ. ಶಾಲೆಯ ಮೈದಾನದ ಆ ಕಡೆಯ ಗೋಡೆಯಿಂದ ಈ ಕಡೆಯ ಸುಣ್ಣದ ಗೆರೆಯವರೆಗೆ ಓಡಬೇಕು. ಕೊಡಕ್ಕೆ ಕೈ ತಾಗಿದರೆ ಆಟದಿಂದ ಹೊರಗೆ. ಗೆರೆ ದಾಟಿದ ಮೇಲೆ ಮೇಷ್ಟ್ರು ಒಣ ಜೋಳದ ದಂಟನ್ನು ಕೊಡದೊಳಗೆ ಇಳಿಸಿ ಎಷ್ಟು ನೀರು ಉಳಿದಿದೆ ಎಂದು ನೋಡುತ್ತಾರೆ. ಕೊಡದ ಕುತ್ತಿಗೆಗಿಂತ ಕೆಳಗೆ ಇಳಿದಿದ್ದರೆ ಗೆದ್ದರೂ ಗೆದ್ದ ಹಾಗಲ್ಲ. ಇಬ್ಬರು ಒಟ್ಟಿಗೇ ಬಂದರೆ ನೀರು ಹೆಚ್ಚು ಉಳಿಸಿದವಳೇ ಗೆದ್ದವಳು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆಯೂ ಸಂಘದವರು ಇಂಥ ಓಟ ಇಡುತ್ತಾರೆ. ಒಂದೂರಿನವರು ಇನ್ನೊಂದೂರಿಗೆ ಹೋಗಿ ಓಡುತ್ತಾರೆ, ನಾವಿಬ್ಬರೂ ಹೋಗುತ್ತೇವೆ. ಮನೆಯ ಮುಂದೆ ನಲ್ಲಿ ಬಂದಮೇಲೆ ಕೊಡ ಹೊರುವುದು ನಮಗೆ ಆಟವಾಗಿದೆ. ಅದೂ ದೇವರು ಕೊಟ್ಟದ್ದೇ ಎಂದು ದಿನಾ ಬೆಳಿಗ್ಗೆ ನಲ್ಲಿ ತಿರುವುವಾಗ ಕೈ ಮುಗಿಯುತ್ತೇನೆ.

ನೆಗೆಣ್ಣಿ ಈ ಮನೆಗೆ ಬರುವ ಮೊದಲು ಆ ಓಟ ಹೇಗಿತ್ತು ಎಂದು ನಾನು ಹೇಳುತ್ತೇನೆ, ಏಕೆಂದರೆ ಈಗ ಎಲ್ಲರೂ ಮರೆತಿದ್ದಾರೆ. ನಾವು ಓಡುತ್ತಿರಲಿಲ್ಲ, ನಡೆಯುತ್ತಿದ್ದೆವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತ, ಅರ್ಧ ನೀರನ್ನು ಬೆನ್ನಿನ ಮೇಲೆ ಸುರಿದುಕೊಳ್ಳುತ್ತ ಬರುತ್ತಿದ್ದೆವು. ಗಂಡಸರು ಮರದ ಕೆಳಗೆ ಇಸ್ಪೀಟು ಆಡುತ್ತ ಕೂತಿರುತ್ತಿದ್ದರು, ಈ ಕಡೆ ತಲೆ ಎತ್ತುತ್ತಿರಲಿಲ್ಲ. ಒಂದು ವರ್ಷವಂತೂ ಅಧ್ಯಕ್ಷೆಯ ತಂಗಿ ಗೆದ್ದಳು. ಯಾಕೆಂದರೆ ಗೆರೆಯವರೆಗೆ ಬಂದವಳು ಅವಳೊಬ್ಬಳೇ.

ನೆಗೆಣ್ಣಿ ಹಡಗಲಿ ಕಡೆಯ ಕುರಿ ಸಾಕುವ ಮನೆತನದವಳು. ಮದುವೆಯಾಗಿ ಬಂದ ವರ್ಷವೇ ಹೆಸರು ಕೊಟ್ಟಳು. ಸೀಟಿ ಊದಿದ್ದೇ ತಡ, ಹೋದಳು. ಅವಳು ಓಡುವುದು ಕುತ್ತಿಗೆಯಿಂದ ಕೆಳಗೆ ಮಾತ್ರ. ಕುತ್ತಿಗೆಯಿಂದ ಮೇಲಿನದು ಗರ್ಭಗುಡಿಯ ಮೂರ್ತಿಯ ಹಾಗೆ ಅಲುಗದೆ ಬರುತ್ತದೆ. ಇಸ್ಪೀಟು ಆಡುತ್ತಿದ್ದವರು ಎದ್ದು ನಿಂತರು. ಆ ವರ್ಷದಿಂದ ಮೊದಲನೆಯದು ಅವಳಿಗೆ, ಎರಡನೆಯದು ನನಗೆ. ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಅವಳು ಗೆದ್ದ ಕೊಡಗಳು ಸಾಲಾಗಿವೆ, ಪಕ್ಕದಲ್ಲಿ ನಾನು ಗೆದ್ದ ಡಬ್ಬಿಗಳು. ಬೇಳೆ, ಬೆಲ್ಲ, ಶೇಂಗಾ ಎಲ್ಲ ನನ್ನ ಸೋಲಿನೊಳಗೇ ಇವೆ. ಹೊಟ್ಟೆ ಉರಿಯಲಿಲ್ಲ ಎಂದರೆ ಊರಮ್ಮ ಮೆಚ್ಚಳು. ಉರಿಯಿತು. ಆದರೆ ಉರಿದದ್ದಕ್ಕೇ ನಾನು ಓಡಲು ಕಲಿತೆ. ಬೆಳಗಿನ ಜಾವ ಹನುಮಪ್ಪನ ಗುಡಿಗೆ ನೀರು ಒಯ್ಯುತ್ತೇನೆಂದು ಹೊರಟು, ಗುಡಿಯವರೆಗೂ ಓಡಿಯೇ ಹೋಗುತ್ತಿದ್ದೆ. ದೇವರಿಗೂ ಅಭಿಷೇಕವಾಯಿತು, ನನಗೂ ಅಭ್ಯಾಸವಾಯಿತು. ಆ ದಾರಿಯಲ್ಲಿ ಬರಬರುತ್ತ ಬೇರೆ ಹೆಂಗಸರೂ ಸಿಗತೊಡಗಿದರು. ಅವರಿಗೂ ಇದ್ದಕ್ಕಿದ್ದಂತೆ ಹನುಮಪ್ಪನ ಮೇಲೆ ಭಕ್ತಿ ಬಂದಿತ್ತು, ಎಲ್ಲರ ತಲೆಯ ಮೇಲೂ ಕೊಡ.

ಮೇಷ್ಟ್ರು ಇದನ್ನೆಲ್ಲ ನೋಡಿದವರೇ. ಆದರೂ ಅಂದು ಪಡಸಾಲೆಯಲ್ಲಿ ಕೂತು, "ಒಬ್ಬಾಕೀನ ಗೆಲ್ಲಾಕ ಹತ್ತಿದ್ರ ಆಟ ಸಾಯ್ತೈತವಾ. ಹೋದ ವರ್ಷ ಎಷ್ಟು ಕಡಿಮಿ ಹೆಸರು ಬಂದ್ವು ನೋಡಿದ್ಯಲ್ಲ? 'ಹೆಂಗಿದ್ರೂ ಆಕೀಗೆ ಹೊಕ್ಕೈತಿ, ನಾವ್ಯಾಕ ಬಿಸಿಲಾಗ ಸಾಯೋದು' ಅಂತಾರ," ಎಂದರು.

ಹೆಸರು ಕಡಿಮೆಯಾದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ನಗಲು ಬರುತ್ತಿದ್ದವರು ಬಿಟ್ಟರು. ಓಡಲು ಬರುವವರು ಉಳಿದರು.

"ನಾನು ಹೆಸರು ಕೊಟ್ಟೀನಲ್ಲ. ಸೋಲೋಳು ನಾನು. ನನಗಿಲ್ಲದ ತಕರಾರು ನಿಮಗ್ಯಾಕ್ರಿ?" ಎಂದೆ.

ಅಧ್ಯಕ್ಷೆ ನಕ್ಕು, "ನಿಂಗ ಗೆಲ್ಲಾಕ ಕೊಟ್ರೂ ಒಲ್ಲೆ ಅಂತೀಯಲ್ಲ ತಾಯಿ," ಎಂದು ಎದ್ದರು. ಚಹಾ ಕುಡಿದು ಇಬ್ಬರೂ ಹೋದರು.

ಒಳಗೆ ನೆಗೆಣ್ಣಿ ಹಿಟ್ಟು ನಾದುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸುಮ್ನ ಕುಂತಿಯಲ್ಲಲೇ. ಹೊರಗ ಬಂದು ಒಲ್ಲೆ ಅನ್ನಾಕ ಏನಾಗಿತ್ತು?"

"ನಾ ಆಗ್ಲೇ ಹ್ಞೂಂ ಅಂದೀನಿ ಅಕ್ಕಾ."

"ಯಾವಾಗ?"

"ಮೊನ್ನಿ ಸಂತ್ಯಾಗ ಕೇಳಿದ್ರು."

"ಯಾಕ? ಕಾಲು ನೋಯ್ತಾವೇನು?"

"ಕಾಲಲ್ಲಕ್ಕ." ಅವಳು ಹಿಟ್ಟಿನಿಂದ ಕೈ ತೆಗೆಯಲಿಲ್ಲ, ತಲೆ ಎತ್ತಲೂ ಇಲ್ಲ. "ಹರಪನಹಳ್ಳ್ಯಾಗ ಬಸ್ ಇಳಿದ ಕೂಡ್ಲೇ 'ಬಂದ್ಳು ನೋಡು, ಇನ್ನೇನೈತಿ, ನಡೀರಿ ಮನಿಗೆ' ಅಂತಾರ. ಇನ್ನೊಂದೂರಾಗ ನನ್ನ ಸಿಂಬಿ ಬಿಚ್ಚಿ ನೋಡಿದ್ರು, ಒಳಗ ನಿಂಬಿಹಣ್ಣು ಮಂತ್ರಿಸಿ ಇಟ್ಟಾಳಂತ. ಗೆದ್ದು ನಿಂತ್ರ ಚಪ್ಪಾಳಿ ಹೊಡಿಯಾಕಿ ನೀ ಒಬ್ಬಾಕಿ. ಸಾಕಾಗೈತಿ. ಸ್ಟೇಜಿನ ಮ್ಯಾಲೆ ಕುಂತ್ರ ಎಲ್ಲಾರೂ ಹೊಡಿತಾರ."

ಅಲ್ಲಿಯವರೆಗೆ ನಾನು ಎರಡನೆಯವಳಿಗೆ ಮಾತ್ರ ಸಂಕಟ ಎಂದುಕೊಂಡಿದ್ದೆ.

"ನೀನ ತಗೋ ಅಕ್ಕಾ, ನಾ ಬಿಟ್ಟುಕೊಡ್ತೀನಿ," ಎಂದಳು. ಆ ಮಾತಿಗೆ ನನ್ನ ಕನಿಕರವೆಲ್ಲ ಇಂಗಿಹೋಯಿತು.

"ನೀ ಬಿಟ್ಟುಕೊಟ್ಟಿದ್ದು ತಗೊಳ್ಳಾಕ ನಾನೇನು ಗತಿಗೆಟ್ಟೀನೇನು? ನೀ ಓಡಬೇಕು, ನಾ ನಿನ್ನ ಹಿಂದ ಹಾಕಬೇಕು. ಅದು ಆಗಲಿಲ್ಲಂದ್ರ ಸಾಯೋತನಕ ಎರಡನೇದ ಇರಲಿ. ಯಾರೂ ಇಲ್ದ ಗೆರಿ ಮ್ಯಾಲೆ ಗೆದ್ದು ಏನು ಮಾಡ್ಲಿ?"

ಬಾಗಿಲ ಬಳಿ ಕೂತು ಅವರೆ ಸುಲಿಯುತ್ತಿದ್ದ ಅತ್ತೆ, "ಜಗಳ ಯಾಕ್ರೇ, ಊರಮ್ಮನ ಹತ್ರ ಹೂ ಕೇಳ್ರಿ. ಬಲಕ್ಕ ಬಿದ್ರ ಓಡ್ಲಿ, ಎಡಕ್ಕ ಬಿದ್ರ ಕುಂದ್ರಲಿ," ಎಂದರು. ಎಮ್ಮೆ ಕೊಳ್ಳುವಾಗಲೂ, ನಂಟಸ್ತನ ನೋಡುವಾಗಲೂ ಹೂ ಕೇಳುವವರು ಅವರು. ನಾನೂ ಕೇಳಿದವಳೇ. ಆದರೆ ಇದಕ್ಕೆ ಕೇಳುವುದಿಲ್ಲ ಎಂದೆ. ಆ ಕಾಲುಗಳನ್ನು ಕೊಟ್ಟವಳೇ ಊರಮ್ಮ. ಕೊಟ್ಟ ಮೇಲೆ ಓಡಲೋ ಬೇಡವೋ ಎಂದು ಮತ್ತೆ ಹೋಗಿ ಕೇಳಿದರೆ ಆಕೆಗೇ ಬೇಸರವಾದೀತು.

ಓಟದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಶಾಮಿಯಾನದ ಕೆಳಗೆ ಸ್ಟೇಜು, ಸ್ಟೇಜಿನ ಮೇಲೆ ಮೆತ್ತನೆಯ ಕುರ್ಚಿ. ನೆಗೆಣ್ಣಿ ಮದುವೆಯ ಸೀರೆ ಉಟ್ಟು ಬಂದಿದ್ದಳು. ಶಾಲು ಹೊದಿಸಿದರು. ಆಮೇಲೆ ಅಧ್ಯಕ್ಷೆ ಅಕ್ಕಿ, ಕೊಬ್ಬರಿ, ಎಲೆ, ಅಡಿಕೆ, ಖಣ ತಂದು ಅವಳ ಸೆರಗಿನಲ್ಲಿ ಉಡಿ ತುಂಬಿದರು. ಜನ ಚಪ್ಪಾಳೆ ಹೊಡೆದರು, ಅವಳು ಬಯಸಿದ ಹಾಗೆಯೇ. ಸಂಘದವರದು ಎಷ್ಟು ಜಾಣತನ ನೋಡಿ. ಶಾಲನ್ನಾದರೂ ತೆಗೆದಿಡಬಹುದು. ಉಡಿಯನ್ನು ಮುತ್ತೈದೆ ಬೇಡ ಎನ್ನುವಂತಿಲ್ಲ, ತುಂಬಿದ ಮೇಲೆ ಅಲ್ಲಿ ಇಲ್ಲಿ ಇಡುವಂತಿಲ್ಲ, ಮನೆಗೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು. ಮಡಿಲು ತುಂಬಿಕೊಂಡವಳು ಓಡುವುದು ಹೇಗೆ? ನಾನು ದೇವರ ಹೆಸರಲ್ಲಿ ನಂಬಿಕೊಂಡು ಬಂದ ಪದ್ಧತಿಯಿಂದಲೇ ಅವಳನ್ನು ಕುರ್ಚಿಗೆ ಕಟ್ಟಿದ್ದರು.

ನಾವು ಕೊಡ ಹೊತ್ತು ಗೋಡೆಯ ಬಳಿ ನಿಂತೆವು. ಮೇಷ್ಟ್ರು ಸೀಟಿ ಬಾಯಿಗಿಟ್ಟರು. ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ ಎಲ್ಲರಿಗೂ ಅಡ್ಡ ನಿಂತೆ.

"ಊದಬ್ಯಾಡ್ರಿ ಮೇಷ್ಟ್ರೇ. ಆಕಿ ಉಡಿ ಮನಿಗೆ ಮುಟ್ಟಸಿ ಬರ್ಲಿ. ಬಂದ ಮ್ಯಾಲೆ ಓಡ್ತೀವಿ."

"ಆಕಿ ಅತಿಥಿ ಅದಾಳವಾ!"

"ಉಡಿ ತುಂಬೋದು ಮುತ್ತೈದಿಗೆ ಒಳ್ಳೇದಾಗ್ಲಿ ಅಂತ. ಕಾಲು ಕಟ್ಟಾಕಲ್ಲ."

ಹಿಂದಿನಿಂದ ಯಾರೋ, "ಬಿಸಿಲಾಗ ನಿಂದರಸ್ತೀಯಲ್ಲ, ನಿನಗೇನು ದೆವ್ವ ಬಡದೈತೇನು?" ಎಂದರು. ಒಬ್ಬೊಬ್ಬರೇ ಬೈಯುತ್ತ ಕೊಡ ಇಳಿಸಿದರು. ಕೊಟ್ಟೂರಿನಿಂದ ಬಂದಿದ್ದ ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳು, ತನ್ನ ಕೊಡ ಇಳಿಸುತ್ತ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ನಿಂದ್ರೋಣ ಬಿಡ್ರಿ. ನಾ ಆಕಿ ಕೂಡ ಓಡಾಕ ಬಂದೀನಿ. ನಿಮ್ಮನ್ನ ಸೋಲಸಾಕ ಅಷ್ಟು ದೂರದಿಂದ ಯಾರು ಬರ್ತಾರ?" ಎಂದಳು.

ಕೆನ್ನೆಗೆ ಹೊಡೆದ ಹಾಗಾಯಿತು, ಸಂತೋಷವೂ ಆಯಿತು. ನಾನು ಸ್ಟೇಜಿನ ಕಡೆ ತಿರುಗಿ ಕೂಗಿದೆ.

"ಲೇ! ಕುರ್ಚಿ ಮೆತ್ತಗೈತೇನು? ಕೊಟ್ಟೂರಾಕಿಗೆ ಅಂಜಿ ಮ್ಯಾಲೆ ಹತ್ತಿ ಕುಂತ್ಲು ಅಂತ ನಾಳೆ ಸಂತ್ಯಾಗ ಅಂತಾರ, ನೋಡು!"

ಅವಳ ಮುಖ ಕೆಂಪಾಯಿತು. ಎದ್ದಳು. ಅಧ್ಯಕ್ಷೆ ಕೈ ಹಿಡಿದರು. ಅವಳು ಬಿಡಿಸಿಕೊಂಡು, ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮೆಟ್ಟಿಲಿಳಿದು, ಶಾಲೆಯ ಹಿಂದಿರುವ ನಮ್ಮ ಮನೆಯ ಕಡೆ ನಡೆದಳು. ಓಡಲಿಲ್ಲ. ಒಂದು ಅಕ್ಕಿಕಾಳೂ ಬೀಳಬಾರದು, ಅದು ಅವಳಿಗೂ ಗೊತ್ತು. ನಾನು ಕೊಡ ಇಳಿಸದೆ ಅಡ್ಡ ನಿಂತೇ ಇದ್ದೆ. ಇಳಿಸಿ ಪಕ್ಕಕ್ಕೆ ಸರಿದರೆ ಮೇಷ್ಟ್ರು ಸೀಟಿ ಊದಿಬಿಟ್ಟಾರು ಎಂಬ ಅನುಮಾನ, ಜೊತೆಗೆ ಹಠ. ಕುತ್ತಿಗೆಯ ನರ ಬಿಗಿಯುತ್ತ ಬಂತು. ಕೊಟ್ಟೂರೇಶಾ, ಅವಳು ಬರುವವರೆಗೆ ಇದೊಂದು ಕುತ್ತಿಗೆ ಹಿಡಿದುಕೋ ಎಂದು ಬೇಡಿಕೊಂಡೆ. ಹಿಡಿದುಕೊಂಡ.

ಅವಳು ಹಳೆಯ ಸೀರೆ ಉಟ್ಟು, ಸೆರಗು ಸಿಕ್ಕಿಸಿ, ಕೊಡ ಹೊತ್ತೇ ಬಂದಳು. ನನ್ನ ಮುಖ ನೋಡಲಿಲ್ಲ. ಸಾಲಿನಲ್ಲಿ ನಿಂತಳು. ಮೇಷ್ಟ್ರು ಬೇರೆ ದಾರಿಯಿಲ್ಲದೆ ಸೀಟಿ ಊದಿದರು.

ಅರ್ಧ ಮೈದಾನ ದಾಟುವುದರೊಳಗೆ ನನ್ನ ಕುತ್ತಿಗೆ ಸೋತಿತು. ಕೊಟ್ಟೂರಿನ ಹುಡುಗಿ ನನ್ನನ್ನು ದಾಟಿ ಹೋದಳು. ಹೋಗುತ್ತ ಹೋಗುತ್ತ ನೆಗೆಣ್ಣಿಯ ಪಕ್ಕಕ್ಕೆ ಬಂದಳು. ಇಷ್ಟು ವರ್ಷ ಆ ಬೆನ್ನನ್ನು ನೋಡಿಕೊಂಡೇ ಓಡಿದ್ದೇನೆ. ಅದರ ಪಕ್ಕದಲ್ಲಿ ಇನ್ನೊಂದು ಬೆನ್ನನ್ನು ನಾನು ಕಂಡದ್ದು ಅದೇ ಮೊದಲು. ಶಾಮಿಯಾನದ ಜನವೆಲ್ಲ ಹೊರಗೆ ಬಂದರು. ಯಾರೋ "ಬಿಡಬ್ಯಾಡಲೇ!" ಎಂದು ಕೂಗಿದರು, ಯಾರಿಗೆ ಎಂದು ಅವರಿಗೂ ಗೊತ್ತಿರಲಿಲ್ಲ. ನೆಗೆಣ್ಣಿಯ ಕುತ್ತಿಗೆ ಅಲುಗಿತು. ಅವಳ ಕೊಡದಿಂದ ನೀರು ಚೆಲ್ಲಿದ್ದನ್ನು ನನ್ನ ಕಣ್ಣಾರೆ ಕಂಡೆ. ಇಬ್ಬರೂ ಒಟ್ಟಿಗೇ ಗೆರೆ ದಾಟಿದರು.

ಮೇಷ್ಟ್ರು ದಂಟು ಇಳಿಸಿದರು, ತೆಗೆದರು, ಮತ್ತೆ ಇಳಿಸಿದರು. ಜನ ಅವರ ಮೇಲೆ ಮುಗಿಬಿದ್ದರು. "ಸರಿಯಾಗಿ ಹಿಡೀರಿ!" "ನೆಟ್ಟಗ ಇಳಸ್ರೀ ಮೇಷ್ಟ್ರೇ!" ನೆಗೆಣ್ಣಿಯ ಕೊಡದಲ್ಲಿ ಒಂದು ಬೆರಳಿನಷ್ಟು ನೀರು ಹೆಚ್ಚಿತ್ತು. ಚಪ್ಪಾಳೆ ಬಿತ್ತು. ಸ್ಟೇಜಿನ ಮುಂದೆ ಬಿದ್ದ ಚಪ್ಪಾಳೆಯಂಥದ್ದಲ್ಲ ಅದು. ಮೂರನೆಯವಳಾಗಿ ಬಂದ ನನ್ನನ್ನು ಯಾರೂ ನೋಡಲಿಲ್ಲ. ನಾನು ಕೊಡ ಇಳಿಸಿ ನನ್ನ ಪಾಲಿನ ಚಪ್ಪಾಳೆ ಹೊಡೆದೆ.

ಬಹುಮಾನ ಕೊಡುವಾಗ ಮೇಷ್ಟ್ರು ನನ್ನ ಕೈಗೆ ಚಹಾ ಸೋಸುವ ಜರಡಿ ಇಟ್ಟು, "ಸುಮ್ನ ಇದ್ದಿದ್ರ ಮದಲನೇದು ನಿಂದ ಇತ್ತು. ಈಗ ಎರಡನೇದೂ ಹೋತು," ಎಂದರು.

"ನಂದೆಲ್ಲಿತ್ರೀ? ಈ ಕೊಟ್ಟೂರಾಕಿ ಇದ್ಲಲ್ಲ. ಹೋಗಿ ಕೇಳ್ರಿ ಆಕಿನ್ನ, ಯಾರನ್ನ ನೋಡಿ ಓಡಾಕ ಕಲ್ತೆ ಅಂತ. ಶಾಲು ನೋಡಿ ಕಲ್ತೀನಿ ಅಂದ್ರ ಈ ಜರಡಿ ನಿಮಗ ಕೊಟ್ಟುಬಿಡ್ತೀನಿ."

ಅವರು ಕೇಳಲು ಹೋಗಲಿಲ್ಲ. ಹೋಗುವ ಅಗತ್ಯವೂ ಇರಲಿಲ್ಲ. ಆ ಹುಡುಗಿ ನೆಗೆಣ್ಣಿಯ ಮುಂದೆ ನಿಂತು, ಸಿಂಬಿ ಹೇಗೆ ಸುತ್ತುತ್ತೀ ಎಂದು ಕೇಳುತ್ತಿದ್ದಳು. ನೆಗೆಣ್ಣಿ ಬಿಚ್ಚಿ ತೋರಿಸಿದಳು. ಸುತ್ತುವ ಗುಟ್ಟೊಂದನ್ನು ಮಾತ್ರ ಹೇಳದೆ ಉಳಿಸಿಕೊಂಡಳು, ನನಗೆ ಗೊತ್ತು.

ಸಂಜೆ ದೀಪ ಹಚ್ಚಿ, ಮೂರನೆಯದಾದರೂ ಉಳಿಸಿದೆಯಲ್ಲ ತಾಯಿ ಎಂದು ಊರಮ್ಮನಿಗೆ ಕೈ ಮುಗಿದೆ. ನೆಗೆಣ್ಣಿ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ನನ್ನ ಹಿಂದೆ ಕೂತು ಕುತ್ತಿಗೆ ತಿಕ್ಕತೊಡಗಿದಳು.

"ಅಕ್ಕಾ," ಎಂದಳು ಕೊನೆಗೆ, "ಆ ಹುಡುಗಿ ಕೊಟ್ಟೂರಾಗ ದಿನಾ ಎಲ್ಲಿತನಕ ಓಡ್ತಾಳಂತ?"

"ಮುಖ್ಯ ಅತಿಥಿಗಳಿಗೆ ಅದ್ಯಾಕವಾ?" ಎಂದೆ.

ಅವಳು ಹೆಬ್ಬೆರಳಿನಿಂದ ಸೋತ ನರವನ್ನೇ ಹುಡುಕಿ ಒತ್ತಿದಳು. ನಾನು ಕಿರುಚಿದ್ದಕ್ಕೆ ಅತ್ತೆ ಅಡುಗೆಮನೆಯಿಂದ, "ಮತ್ತೇನಾತ್ರೇ?" ಎಂದು ಕೂಗಿದರು.